ಟೀಚರ್ ಅವರ ಆರ್ಗನ್ನಿಗೆ ನಾವು ಹಿಡಿದ ಶ್ರುತಿ

ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಊರೆಲ್ಲ ಬೈಯುತ್ತದೆ, ನಮ್ಮ ಅಪ್ಪನ ಮನೆಯಲ್ಲಿ ಮಾತ್ರ ಕೆಲಸ ಶುರುವಾಗುತ್ತದೆ. ಎಡಕ್ಕೊಂದು ಪವರ್‌ಲೂಮ್ ಶೆಡ್ಡು, ಬಲಕ್ಕೊಂದು ಶೆಡ್ಡು. ಹಗಲೆಲ್ಲ ಖಟಪಟ ಖಟಪಟ. ಆ ಗದ್ದಲದಲ್ಲಿ ಹಾರ್ಮೋನಿಯಂ ಬಿಚ್ಚಬಹುದು, ತಿದಿಗೆ ಹೊಸ ಚರ್ಮ ಅಂಟಿಸಬಹುದು, ಮುರಿದ ಸ್ಪ್ರಿಂಗ್ ಬದಲಿಸಬಹುದು. ಶ್ರುತಿ ಹಿಡಿಯಲು ಮಾತ್ರ ಆಗುವುದಿಲ್ಲ. ಪೆಟ್ಟಿಗೆಯೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಿಗೆ ಇರುತ್ತದೆ. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕು ಎಂದು ಹೇಳುವುದು ಕಿವಿ, ಆ ಕಿವಿಗೆ ಬೇಕಾದದ್ದು ನಿಶ್ಶಬ್ದ. ಹಾಗಾಗಿ ಅಪ್ಪ ಐವತ್ತು ವರ್ಷ ಕರೆಂಟ್ ಹೋಗುವುದನ್ನೇ ಕಾಯುತ್ತ ಬದುಕಿದವನು. ಮಗ್ಗಗಳು ಒಮ್ಮೆಲೇ ನಿಂತವೆಂದರೆ ಉಣ್ಣುತ್ತಿದ್ದ ತಾಟು ಸರಿಸಿ ಎದ್ದುಬಿಡುತ್ತಿದ್ದ. "ಮಂದಿ ಕರೆಂಟ್ ಬಂದ್ರ ನಗ್ತಾರ, ನಿಮ್ಮಪ್ಪ ಹೋದ್ರ ನಗ್ತಾನ" ಎಂದು ಅವ್ವ ಬದುಕಿರುವವರೆಗೂ ಕುಟುಕುತ್ತಿದ್ದಳು.

ನಾನೂ ಅದೇ ಕೆಲಸದವಳು. ನನ್ನನ್ನು ಕೊಟ್ಟಿದ್ದು ಅದೇ ಓಣಿಯ ನೂಲಿನ ಅಂಗಡಿಯವರ ಮನೆಗೆ. ಮುಂಜಾನೆಯ ಅಡುಗೆ ಮುಗಿಸಿ ಅಪ್ಪನ ಹತ್ತಿರ ಬಂದು ಕೂಡುವುದು ಮೂವತ್ತು ವರ್ಷದ ರೂಢಿ. ಕಣ್ಣು, ಕೈ ನನ್ನವು, ಕಿವಿ ಅಪ್ಪನದು. ಈಚೆಗೆ ಅವನ ಬಲಗಿವಿ ಪೂರ್ತಿ ಹೋಗಿದೆ. ಮಗ್ಗದ ನಡುವೆ ಹುಟ್ಟಿ ಬೆಳೆದವನಿಗೆ ಎಂಬತ್ತರ ಹೊತ್ತಿಗೆ ಒಂದು ಕಿವಿ ಉಳಿದದ್ದೇ ಹೆಚ್ಚು. ಎಡಗಿವಿಯನ್ನು ಪೆಟ್ಟಿಗೆಯ ಕಟ್ಟಿಗೆಗೆ ಹಚ್ಚಿ, ಕಣ್ಣು ಮುಚ್ಚಿ, "ಇನ್ನೊಂದು ಎಳಿ... ಸಾಕು" ಎನ್ನುತ್ತಾನೆ. ನಾನು ಕೆರೆಯುತ್ತೇನೆ.

ಯಾವ ಪೆಟ್ಟಿಗೆ ಬಂದರೂ ಅಪ್ಪ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಲ್ಲಿಂದ ಹಾಡ್ತಾರ್ರಿ?" ಮುಧೋಳದ ಪಾರಿಜಾತ ಬಯಲಾಟದವರು "ಕರಿ ಎರಡು" ಎನ್ನುತ್ತಾರೆ. ಬೀಳಗಿಯ ಭಜನೆಯವರು "ಬಿಳಿ ನಾಲ್ಕು" ಎನ್ನುತ್ತಾರೆ. ಅಂದರೆ ಪೆಟ್ಟಿಗೆಯ ಎರಡನೇ ಕರಿ ಮನೆ, ನಾಲ್ಕನೇ ಬಿಳಿ ಮನೆ; ಆ ಮನೆಯನ್ನು ಒತ್ತಿದಾಗ ಬರುವ ಸ್ವರವೇ ಅವರ ಷಡ್ಜ. ಅಪ್ಪ ಆ ಷಡ್ಜವನ್ನು ಗಟ್ಟಿ ಮಾಡಿಕೊಂಡು ಉಳಿದ ಸ್ವರಗಳನ್ನೆಲ್ಲ ಅದರ ಜೊತೆ ಕೂಡಿಸುತ್ತಾನೆ. ಗಾಂಧಾರವನ್ನು ತುಸು ಇಳಿಸುತ್ತಾನೆ, ಧೈವತವನ್ನು ತುಸು ಇಳಿಸುತ್ತಾನೆ. ಆಗ ಅದು ಆ ಹಾಡುಗಾರನ ಅಳತೆಗೆ ಹೊಲಿದ ಅಂಗಿಯಾಗುತ್ತದೆ. ಬೇರೆ ಮನೆಯಿಂದ ಹಾಡುವವನು ಬಂದು ಅದನ್ನು ನುಡಿಸಿದರೆ ಭುಜ ಹಿಡಿಯುತ್ತದೆ, ಬಗಲು ಹರಿಯುತ್ತದೆ. ಆದರೆ ನಮ್ಮಲ್ಲಿ ಯಾರು ಹಾಡಿನ ನಡುವೆ ಷಡ್ಜ ಬಿಟ್ಟು ಹೋಗುತ್ತಾರೆ? ಹಾಗಾಗಿ ಐವತ್ತು ವರ್ಷದಲ್ಲಿ ಯಾರೂ ಅಪ್ಪನಿಗೆ ಪೆಟ್ಟಿಗೆ ವಾಪಸು ತಂದುಕೊಟ್ಟಿದ್ದಿಲ್ಲ.

ಆರು ತಿಂಗಳ ಹಿಂದೆ ಜಮಖಂಡಿಯಿಂದ ಟೀಚರ್ ಫೋನ್ ಮಾಡಿದರು. ನಾನು ಬನಹಟ್ಟಿಯ ಹೆಣ್ಣುಮಕ್ಕಳ ಸಾಲೆಯಲ್ಲಿದ್ದಾಗ ಅವರು ನನಗೆ ಮೂರನೇ ಇಯತ್ತೆಯಿಂದ ಏಳರವರೆಗೆ ಕಲಿಸಿದವರು. ಆಗಲೇ ಭಾನುವಾರ ಮುಂಜಾನೆ ಬಸ್ಸು ಹಿಡಿದು ಜಮಖಂಡಿಗೆ ಹೋಗಿ, ಅಲ್ಲಿಯ ಸಣ್ಣ ಚರ್ಚಿನಲ್ಲಿ ಆರ್ಗನ್ ನುಡಿಸಿ ಬರುತ್ತಿದ್ದರು. ರಿಟೈರ್ ಆದ ಮೇಲೆ ಅಲ್ಲೇ ಮನೆ ಮಾಡಿಕೊಂಡರು. ಮದುವೆಯಾಗಿರಲಿಲ್ಲ. ಆ ಚರ್ಚಿಗೆ ಬರುವುದು ಹತ್ತು ಹನ್ನೆರಡು ಮನೆಯ ಮಂದಿ, ಅಷ್ಟೆ. ಆರ್ಗನ್ ಎಂದರೆ ಹಿಂದೆ ಪರದೇಶದ ಪಾದ್ರಿಗಳು ಬಿಟ್ಟುಹೋದದ್ದು. ಎದೆಯೆತ್ತರದ ಕಟ್ಟಿಗೆಯ ಪೆಟ್ಟಿಗೆ, ಕೆಳಗೆ ಎರಡು ಕಾಲುಮಣೆ. ಎರಡೂ ಕಾಲಿನಿಂದ ತುಳಿಯುತ್ತಿದ್ದರೆ ತಿದಿ ಗಾಳಿ ತೆಗೆದುಕೊಳ್ಳುತ್ತದೆ. ನಾಟಕ ಕಂಪನಿಯವರ ಕಾಲುಪೆಟ್ಟಿಗೆಯ ಅಕ್ಕನಂಥದ್ದು ಎಂದುಕೊಳ್ಳಿ.

"ತಿದಿ ಗಾಳಿ ಬಿಡಾಕತ್ತೈತಿ ಬೇ. ನೀವಿಬ್ರೂ ಬಂದು ನೋಡಿಕೊಟ್ರ ಪುಣ್ಯಾ ಬರ್ತೈತಿ" ಎಂದರು ಟೀಚರ್. ನಂತರ ಧ್ವನಿ ಇಳಿಸಿ ಸಂಗತಿ ಹೇಳಿದರು. ಚರ್ಚಿನ ಸಮಿತಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಅವರು ಹೊಸ ಎಲೆಕ್ಟ್ರಾನಿಕ್ ಕೀಬೋರ್ಡ್ ಕಾಣಿಕೆ ಕೊಡುತ್ತೇನೆ, ಈ ಹಳೆ ಪೆಟ್ಟಿಗೆ ಸಾಕು, ನನ್ನ ಸೊಸೆ ನುಡಿಸುತ್ತಾಳೆ ಎನ್ನುತ್ತಿದ್ದಾರೆ. ಟೀಚರ್ ಒಪ್ಪಿಲ್ಲ. ಮುಂಬೈಯ ಒಂದು ದೊಡ್ಡ ಚರ್ಚಿನಲ್ಲಿ ಕೊಳವೆಯ ಆರ್ಗನ್ ನುಡಿಸುವ ಒಬ್ಬ ವಾದಕರು ಈ ಕಡೆಯ ಸಣ್ಣ ಊರುಗಳ ಹಳೆಯ ಆರ್ಗನ್ನುಗಳನ್ನು ನೋಡುತ್ತ, ನುಡಿಸುತ್ತ ಬರುತ್ತಿದ್ದಾರೆ. ಮುಂದಿನ ತಿಂಗಳು ಜಮಖಂಡಿಗೂ ಬಂದು ಒಂದು ಕಚೇರಿ ಕೊಡುತ್ತಾರೆ. ಅವರು ಪೆಟ್ಟಿಗೆ ಗಟ್ಟಿಯಿದೆ ಎಂದರೆ ಇಟ್ಟುಕೊಳ್ಳುವುದು, ಮುಗಿಯಿತು ಎಂದರೆ ತೆಗೆಯುವುದು. ಹಾಗೆಂದು ಸಮಿತಿ ತೀರ್ಮಾನಿಸಿತ್ತು.

"ಅದು ಹೋದ್ರ ನಾನೂ ಹೋದಂಗ ಬೇ. ಕೀಬೋರ್ಡ್ ಮುಂದ ನನ್ನ ಯಾರು ಕುಂದರಸ್ತಾರ?" ಎಂದು ನಕ್ಕರು. ಆ ನಗೆ ನನಗೆ ಹಿಡಿಸಲಿಲ್ಲ. ಟೀಚರ್ ನಗುವಾಗ ಹಲ್ಲು ಕಾಣುವುದು ವಾಡಿಕೆ. ಫೋನಿನಲ್ಲೂ ಅದು ಗೊತ್ತಾಗುತ್ತದೆ. ಅಂದು ಗೊತ್ತಾಗಲಿಲ್ಲ.

ಅಪ್ಪ, ನಾನು ಬಸ್ಸಿನಲ್ಲಿ ಹೋದೆವು. ಚರ್ಚಿನ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟ. "ಇಲ್ಲಿ ಹಾಕ್ಕೊಂಡು ಬರ್ತಾರ್ರಿ" ಎಂದು ಟೀಚರ್ ಹೇಳಿದರೂ ಕೇಳಲಿಲ್ಲ. ಆರ್ಗನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಒಳಗಿನ ನಿಶ್ಶಬ್ದ ನೋಡಿ ಅವನಿಗೆ ಮೈಯೆಲ್ಲ ಹಿಗ್ಗು. "ಇಲ್ಲಿ ಕರೆಂಟ್ ಇದ್ದರೂ ಕಿವಿ ಕೇಳ್ತೈತಲ್ಲಬೇ!" ಎಂದ. ನಾಲ್ಕು ದಿನ ಹೋಗಿ ಬಂದೆವು. ಮೊದಲೆರಡು ದಿನ ತಿದಿಯ ಕೆಲಸ. ಮೂರನೇ ದಿನ ಅಪ್ಪ ಒಂದೊಂದೇ ಸ್ವರ ಒತ್ತಿ ಕೇಳುತ್ತ ಕೂತ, ಮುಖ ಕಿವುಚಿದ.

"ಗಾಂಧಾರ ನೋಡು, ಮ್ಯಾಲೆ ನಿಂತು ಒದರ್ತೈತಿ. ಪಾಪ, ಇಷ್ಟು ವರ್ಷ ಟೀಚರಮ್ಮ ಹ್ಯಾಂಗ ಸಹಿಸಿದ್ರೋ. ತಿದ್ದಿ ಕೊಟ್ಟುಬಿಡೋಣು. ನಮ್ಮ ಕಾಣಿಕಿ ಅಂತ ಇರಲಿ."

ಅಪ್ಪ ಹಿತ್ತಿಲಲ್ಲಿದ್ದ ಟೀಚರ್ ಹತ್ತಿರ ಹೋಗಿ ರೂಢಿಯ ಪ್ರಶ್ನೆ ಕೇಳಿದ, "ಎಲ್ಲಿಂದ ಹಾಡ್ತೀರ್ರಿ?" ಟೀಚರ್ ಯೋಚಿಸದೆ, "ಬಿಳಿ ಒಂದರಿಂದ್ರಿ. ನನಗ ಬರೋದ ಅದೊಂದು" ಎಂದರು. ಅದು ಖರೆ. ಚಿಕ್ಕವರಿದ್ದಾಗ ಯಾರೋ ಪಾದ್ರಿಯ ಹೆಂಡತಿ ಕಲಿಸಿದ್ದು ಬಿಳಿ ಒಂದರಿಂದ ಅಷ್ಟೇ. ಐವತ್ತು ವರ್ಷ ಆ ಊರಿನ ಮಂದಿ ಎಲ್ಲ ಹಾಡನ್ನೂ ಅದರಿಂದಲೇ ಹಾಡಿದ್ದರು. ಅಪ್ಪ ಆ ಪ್ರಶ್ನೆ ಏಕೆ ಕೇಳಿದ ಎಂದು ಟೀಚರಿಗೆ ತಿಳಿಯಲಿಲ್ಲ. ನಾವೂ ಬಿಡಿಸಿ ಹೇಳಲಿಲ್ಲ.

ಇಲ್ಲಿ ನನ್ನ ಪಾಪ ಶುರುವಾಗುತ್ತದೆ. ನನ್ನ ಫೋನಿನಲ್ಲಿ ಸ್ವರ ತೋರಿಸುವ ಆ್ಯಪ್ ಇದೆ. ಅಪ್ಪ ಕೆರೆಯಲು ಹೇಳುವ ಮೊದಲು ನಾನು ಒಂದೊಂದೇ ಮನೆ ಒತ್ತಿ ನೋಡಿದ್ದೆ. ಮೂರು ನಾಲ್ಕು ಬಿಟ್ಟರೆ ಎಲ್ಲದಕ್ಕೂ ಮುಳ್ಳು ನಟ್ಟನಡುವೆ, ಅಂದರೆ ಸರಿಯಾದ ಜಾಗದಲ್ಲೇ ನಿಂತಿತ್ತು. ಹುಬ್ಬಳ್ಳಿಯಲ್ಲಿ ಬಿಡಿಭಾಗ ಕೊಳ್ಳಲು ಹೋದಾಗ ಒಬ್ಬ ಕೀಬೋರ್ಡ್ ರಿಪೇರಿಯವರು ನನಗೆ ಬಿಡಿಸಿ ಹೇಳಿದ್ದರು. ಪರದೇಶದ ವಾದ್ಯಕ್ಕೆ ಒಂದೇ ಷಡ್ಜ ಇಲ್ಲ. ಹಾಡು ನಡುನಡುವೆ ಮನೆ ಬದಲಿಸುತ್ತದೆ. ಅದಕ್ಕೆ ಹನ್ನೆರಡು ಮನೆಗೂ ಸಮ ಪಾಲು ಹಂಚಿರುತ್ತಾರೆ. ಅಣ್ಣತಮ್ಮಂದಿರ ಪಾಲಿನ ಹಾಗೆ ಎಲ್ಲರಿಗೂ ತುಸು ಕಡಿಮೆಯೇ, ಆದರೆ ಯಾರಿಗೂ ಮೋಸವಿಲ್ಲ. ಇದು ನನಗೆ ಗೊತ್ತಿತ್ತು. ಕೈಯಲ್ಲಿ ಕೆರೆಯುವ ಉಳಿ ಹಿಡಿದು, "ಅಪ್ಪಾ, ಫೋನಿನಾಗ ಬರೋಬ್ಬರಿ ತೋರಿಸ್ತೈತಿ. ಇದನ್ನ ಹಿಂಗ ಇಟ್ಟಾರ ಅಂತ ಕಾಣಸ್ತೈತಿ" ಎಂದೆ.

"ಫೋನಿಗೆ ಕಿವಿ ಐತೇನು?" ಎಂದ ಅಪ್ಪ.

ನಾನು ಗಾಂಧಾರದ ನಾಲಿಗೆಗೆ ಉಳಿ ಹಚ್ಚಿದೆ. ಮನೆಯಲ್ಲಿ ಗಂಡನ ಜೊತೆ, ಅಂಗಡಿಯಲ್ಲಿ ಗಿರಾಕಿಯ ಜೊತೆ ಒಂದಕ್ಕೆರಡು ಮಾತಾಡುವ ಹೆಣ್ಣು, ಅಪ್ಪನ ಮುಂದೆ ಮಾತ್ರ ನನಗೆ ಬಾಯಿ ಇಲ್ಲ. ಇನ್ನೂ ಒಂದು ಮಾತು ಖರೆ ಹೇಳಬೇಕು. ಗಾಂಧಾರದ ಬುಡ ಕೆರೆದು ಹಾಕಿ, ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಒತ್ತಿದಾಗ ಆ ಕಲ್ಲಿನ ಗೋಡೆಯೊಳಗೆ ಎದ್ದ ನಾದ ಕೇಳಿ ನಾನೇ ಇನ್ನೊಮ್ಮೆ ಒತ್ತಿದೆ. ಮುಳ್ಳು ಎಡಕ್ಕೆ ವಾಲಿತ್ತು. ನಾನು ಫೋನನ್ನು ಬೋರಲು ಹಾಕಿದೆ.

ಮರುದಿನ ಟೀಚರ್ ನುಡಿಸಿ ನೋಡಿ, "ಧೂಳು ಹೋಗಿದ್ದಕ್ಕ ಇಷ್ಟು ಫರಕ್ ಆತೇನ್ರಿ!" ಎಂದು ಬೆರಗಾದರು. ಅಪ್ಪ ಮೀಸೆಯಲ್ಲೇ ನಕ್ಕ, ಹೇಳಲಿಲ್ಲ. ಮಾಡಿದ ದಾನವನ್ನು ಬಾಯಿಬಿಟ್ಟು ಹೇಳಬಾರದು ಎಂಬುದು ಅವನ ನೇಮ. ಅದೇ ಹೊತ್ತಿಗೆ ಸಮಿತಿಯ ಆ ಹಿರಿಯರು ಒಳಗೆ ಬಂದರು. ಅಪ್ಪನ ಬರಿಗಾಲು ನೋಡಿ, ನನ್ನ ಉಳಿ ನೋಡಿ, "ಭಜನಿ ಪೆಟಿಗಿ ಮಾಡೋರಿಗೆ ಇದು ತಿಳೀತೈತೇನ್ರಿ ಟೀಚರ್?" ಎಂದರು. ಅಪ್ಪನಿಗೆ ಕೇಳಿಸಲಿಲ್ಲ, ಅದು ಬಲಗಿವಿಯ ಕಡೆಯ ಮಾತು. ನನಗೆ ಕೇಳಿಸಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಟೀಚರ್ ಮುಖ ನೋಡಿ ನುಂಗಿಕೊಂಡೆ. ನುಂಗಿದ ಸಿಟ್ಟು ಜೀರ್ಣವಾಗುವುದಿಲ್ಲ. ಮುಂದೆ ಅದೇ ನನ್ನ ಬಾಯಿಂದ ಬೇರೆ ರೂಪದಲ್ಲಿ ಹೊರಬಿತ್ತು.

ಕಚೇರಿ ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಇತ್ತು. ಟೀಚರ್ ನಮ್ಮಿಬ್ಬರನ್ನೂ ಕರೆದಿದ್ದರು. ಚರ್ಚಿನವರಲ್ಲದೆ ಊರ ಸಂಗೀತದ ಮಂದಿ, ಸಾಲೆಯ ಮಾಸ್ತರರು, ಸುಮ್ಮನೆ ನೋಡಲು ಬಂದವರು ಎಲ್ಲ ಸೇರಿ ಬೆಂಚು ತುಂಬಿದ್ದವು. ಅಪ್ಪ ಇಸ್ತ್ರಿ ಮಾಡಿದ ಧೋತರ, ಕರಿ ಟೊಪ್ಪಿಗೆ ಹಾಕಿಕೊಂಡು ಹಿಂದಿನ ಬೆಂಚಿನ ತುದಿಗೆ ಎಡಗಿವಿ ಮುಂದೆ ಮಾಡಿ ಕೂತ. ವಾದಕರು ಅರವತ್ತರ ಆಸುಪಾಸಿನ ಸಣಕಲು ಮನುಷ್ಯ. ನಮ್ಮ ಗಡಿ ಸೀಮೆಯವರಿಗೆ ತಿಳಿಯಲಿ ಎಂದು ಮರಾಠಿಯಲ್ಲೇ ಮಾತಾಡಿದರು. ತಾವು ನುಡಿಸುವ ಆರ್ಗನ್ನಿಗೆ ನೂರಾರು ಕೊಳವೆಗಳಿವೆ, ಒಂದು ತಮ್ಮ ಕಿರುಬೆರಳಿನಷ್ಟು, ಇನ್ನೊಂದು ಈ ಚರ್ಚಿನ ಮಾಡಿಗಿಂತ ಎತ್ತರ. ದೊಡ್ಡ ಕೊಳವೆ ನುಡಿದರೆ ಕಿವಿಗಿಂತ ಮೊದಲು ಕೂತ ಬೆಂಚಿಗೆ ಗೊತ್ತಾಗುತ್ತದೆ ಎಂದರು. ಅಪ್ಪ ಹಿಗ್ಗಿ ನನ್ನ ಮೊಣಕೈ ತಿವಿದ. ಆಮೇಲೆ ಅವರು, "ಆದರೆ ಗಾಳಿ ಗಾಳಿಯೇ. ಅಲ್ಲಿ ಮೋಟಾರು ಊದುತ್ತದೆ, ಇಲ್ಲಿ ನನ್ನ ಕಾಲು" ಎಂದು ಕುಳಿತರು.

ಮೊದಲು ನುಡಿಸಿದ್ದು ಚರ್ಚಿನವರು ವಾರವಾರ ಹಾಡುವ ಒಂದು ಪ್ರಾರ್ಥನೆ, ಬಿಳಿ ಒಂದರಿಂದ. ಅಂಥ ಇಂಪನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ವಾದಕರೇ ಕೈ ನಿಧಾನಿಸಿ ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿದರು. ಟೀಚರ್ ಕಣ್ಣು ಒರೆಸಿಕೊಂಡರು. ಅಪ್ಪನ ಮುಖ ನೋಡಬೇಕಿತ್ತು. ಮೊಮ್ಮಗನ ನಾಮಕರಣಕ್ಕೆ ಕೂತವನ ಮುಖ ಅದು. ಆ ಐದು ನಿಮಿಷ ನಾನು ನಮ್ಮ ಕೈಕೆಲಸಕ್ಕೆ ಬಹಳ ಹೆಮ್ಮೆಪಟ್ಟೆ.

ಎರಡನೆಯದು ದೊಡ್ಡ ಕೃತಿ. ಶುರುವಿಗೆ ಚಂದವೇ ಇತ್ತು. ತುಸು ಹೊತ್ತಿಗೆ ಹಾಡು ಬಿಳಿ ಒಂದು ಬಿಟ್ಟು ಇನ್ನೊಂದು ಮನೆಗೆ ಸರಿಯಿತು. ಅಲ್ಲಿ ಸ್ವಲ್ಪ ಹುಳಿ. ಅಲ್ಲಿಂದ ಕರಿ ಮನೆಗಳ ಕಡೆಗೆ ಹೊರಳಿತು ನೋಡಿ, ಆಗ ನಾಲ್ಕು ಸ್ವರ ಒಟ್ಟಿಗೆ ಬಿದ್ದ ಕಡೆಯಲ್ಲಿ ಊಂಯ್ ಊಂಯ್ ಎಂದು ಪೆಟ್ಟಿಗೆ ಅಳತೊಡಗಿತು. ಬೆಂಚಿನ ಮಂದಿಗೆ ಏನೂ ತಿಳಿಯಲಿಲ್ಲ. ಪರದೇಶದ ಸಂಗೀತ ಹೀಗೇ ಇರುತ್ತದೆ ಎಂದುಕೊಂಡು ಶಿಸ್ತಾಗಿ ಕೂತಿದ್ದರು. ವಾದಕರ ಬೆನ್ನು ಮಾತ್ರ ಬಿಗಿಯಾಯಿತು. ಕೆರೆದ ಒಂದೊಂದು ನಾಲಿಗೆಯೂ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು.

"ಕೈ ತಪ್ಪಾಕತ್ತೈತಿ ಅವನದು" ಎಂದ ಅಪ್ಪ, ನನ್ನ ಕಿವಿಯಲ್ಲಿ. "ಷಡ್ಜ ಬಿಟ್ಟು ಎತ್ತಾಗೋ ಹೊಂಟಾನ."

ವಾದಕರು ಆ ಕೃತಿಯನ್ನು ನಡುವೆಯೇ ಮುಗಿಸಿದ ಹಾಗೆ ಮಾಡಿ ನಿಲ್ಲಿಸಿದರು. ಸಣ್ಣಗೆ ಒಂದೆರಡು ಮನೆ ಒತ್ತಿ ನೋಡಿಕೊಂಡರು. ಉಳಿದ ಅರ್ಧ ತಾಸು ಬಿಳಿ ಒಂದರ ಸುತ್ತಲೇ ಸಣ್ಣಪುಟ್ಟ ಹಾಡು ನುಡಿಸಿ, ನಗುನಗುತ್ತ ಎದ್ದು ಕೈಮುಗಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮರ್ಯಾದಸ್ಥ ಮನುಷ್ಯ.

ಆಮೇಲೆ ಆರ್ಗನ್ನಿನ ಹತ್ತಿರ ಟೀಚರ್, ಆ ಹಿರಿಯರು, ಸಮಿತಿಯ ಇನ್ನಿಬ್ಬರು ನಿಂತರು. ಟೀಚರ್ ನನ್ನನ್ನು ಕರೆದರು. ಅಪ್ಪ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ; ಊರ ಇಬ್ಬರು ಸಂಗೀತದವರು ಅವನನ್ನು ಹಿಡಿದು, ಮೊದಲ ಹಾಡು ಏನು ಕೂಡಿತ್ತು ಎಂದು ಕೊಂಡಾಡುತ್ತಿದ್ದರು. ವಾದಕರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು, "ಬಿಳಿ ಒಂದರಲ್ಲಿ ಬಂಗಾರ. ಬೇರೆ ಕಡೆ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಇತ್ತೀಚೆಗೆ ಯಾರಾದರೂ ಶ್ರುತಿಗೆ ಕೈ ಹಾಕಿದ್ದಾರೇನು? ಹಾಕಿದ್ದರೆ ಹೆದರಿಕೆ ಇಲ್ಲ, ಮತ್ತೆ ತಿದ್ದಿಸಬಹುದು. ತಾನಾಗಿಯೇ ಹೀಗಾಗಿದ್ದರೆ ಲೋಹ ದಣಿದಿದೆ ಎಂದರ್ಥ. ಆಗ ಏನೂ ಮಾಡಲಾಗದು."

ಟೀಚರ್ ನನ್ನ ಕಡೆ ತಿರುಗಿ, "ಹೇಳು ಬೇ, ನೀ ಒಳಗ ಬಿಚ್ಚಿ ನೋಡೀಯಲ್ಲ" ಎಂದರು.

ಎಲ್ಲ ನಿಚ್ಚಳವಾಗಿತ್ತು. ಒಂದು ಮಾತು ಹೇಳಿದರೆ ಪೆಟ್ಟಿಗೆ ಉಳಿಯುತ್ತದೆ, ಟೀಚರ್ ತಮ್ಮ ಜಾಗದಲ್ಲೇ ಇರುತ್ತಾರೆ. ಆದರೆ ಆ ಹಿರಿಯರು ಹುಬ್ಬು ಏರಿಸಿ ನನ್ನನ್ನೇ ನೋಡುತ್ತಿದ್ದರು. ಭಜನಿ ಪೆಟಿಗಿ ಮಾಡೋರು. ಬಾಗಿಲಲ್ಲಿ ಅಪ್ಪ ಕರಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಗುತ್ತಿದ್ದ. ಐವತ್ತು ವರ್ಷದ ಹೆಸರು.

"ನಾವು ಧೂಳು ತಗದು, ತಿದಿ ಬಿಗಿ ಮಾಡೀವ್ರಿ" ಎಂದೆ. "ಸ್ವರಾ ಮುಟ್ಟಿಲ್ಲ. ಹಿಂದಿನವ ಅದಾವ್ರಿ."

"ಹಾಗಾದರೆ ವಯಸ್ಸು" ಎಂದರು ವಾದಕರು. ಅವರಿಗೆ ನಿಜಕ್ಕೂ ಕೆಡುಕೆನಿಸಿತ್ತು. ಟೀಚರ್ ಕೈ ಆರ್ಗನ್ನಿನ ಮುಚ್ಚಳದ ಮೇಲಿತ್ತು. ಅದನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡರು. ಹಿರಿಯರು, "ಹೋಗ್ಲಿ ಬಿಡ್ರಿ, ಎಲ್ಲಾಕ್ಕೂ ಆಯುಷ್ಯ ಅಂತ ಇರ್ತೈತಿ" ಎಂದರು.

ಹದಿನೈದು ದಿನಕ್ಕೆ ಟೀಚರ್ ಫೋನ್ ಬಂತು. ಕೀಬೋರ್ಡ್ ಬಂದಿದೆ, ಆರ್ಗನ್ ಇಡಲು ಜಾಗವಿಲ್ಲ, ಗುಜರಿ ಕೊಳ್ಳುವ ಮೋಡಕಾದವರಿಗೆ ಕೊಡಲು ಮನಸ್ಸಿಲ್ಲ. "ನಿಮ್ಮಪ್ಪ ಅದನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದು ನೋಡೀನಿ ಬೇ. ನಿಮ್ಮನ್ಯಾಗ ಇರಲಿ. ಸಮಿತಿಯವ್ರೂ ಹೂಂ ಅಂದಾರ." ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಏನದು ಏನದು ಎಂದು ಕೇಳಿ, ತಿಳಿದು, ಎದ್ದು ನಿಂತುಬಿಟ್ಟಿದ್ದ. ಮರುದಿನವೇ ನೂಲಿನ ಗಂಟು ಹೊರುವ ಟೆಂಪೋದಲ್ಲಿ ಆರ್ಗನ್ ಬನಹಟ್ಟಿಗೆ ಬಂತು.

ಅಂದಿನಿಂದ ಅದು ಪಡಸಾಲೆಯಲ್ಲಿ ನನ್ನ ಎದುರೇ ನಿಂತಿತು. ಕರೆಂಟ್ ಹೋದಾಗ ಅಪ್ಪನಿಗೆ ಈಗ ಕೆಲಸ ಮರೆತುಹೋಯಿತು. ಆರ್ಗನ್ ಮುಂದೆ ಕೂತು ಬಿಳಿ ಒಂದರಿಂದ ಹಳೆಯ ನಾಟಕದ ಪದ ನುಡಿಸುತ್ತಿದ್ದ. ಬಂದವರಿಗೆಲ್ಲ ಕತೆ ಹೇಳುತ್ತಿದ್ದ. "ಮುಂಬೈದಾಂವ ಇದಕ್ಕ ಮುಪ್ಪು ಬಂದೈತಿ ಅಂದ್ನಂತ! ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ, ಹಂಗಾತು. ಕೇಳ್ರಿಲ್ಲೆ, ಎಲ್ಲೈತಿ ಮುಪ್ಪು?" ಬಂದವರು ತಲೆದೂಗುತ್ತಿದ್ದರು. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ನನಗೆ ನಿದ್ದೆ ಕೆಟ್ಟಿತು, ಅನ್ನ ರುಚಿಸಲಿಲ್ಲ. ಗಂಡ, ಡಾಕ್ಟರಿಗೆ ತೋರಿಸು ಎಂದರು. ಡಾಕ್ಟರಿಗೆ ಏನು ತೋರಿಸುವುದು, ನಾಲಿಗೆಯನ್ನೇ?

ಅಷ್ಟರಲ್ಲಿ ಒಂದು ದಿನ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಟೀಚರ್ ಸಿಕ್ಕರು. ಸೊರಗಿದ್ದರು. ಚರ್ಚಿಗೆ ಹೋಗುತ್ತೀರಾ ಎಂದು ಕೇಳಿದೆ. "ಹೋಗ್ತೀನಿ, ಮೂರನೇ ಬೆಂಚಿನ್ಯಾಗ ಕುಂದರ್ತೀನಿ. ಹುಡುಗಿ ಛಲೋ ನುಡಸ್ತಾಳ" ಎಂದರು. ತುಸು ತಡೆದು, "ಕಾಲು ಸುಮ್ನ ಇರಂಗಿಲ್ಲ ಬೇ. ಹಾಡು ಶುರು ಆದಕೂಡ್ಲೆ ಬೆಂಚಿನ ಕೆಳಗ ತುಳಿಯಾಕತ್ತಿರ್ತಾವು" ಎಂದು ನಕ್ಕರು. ಬಸ್ಸು ಬಂತು, ಹತ್ತಿ ಹೋದರು. ನಾನು ಹೋಗಬೇಕಾದ ಬಸ್ಸೂ ಬಂದು ಹೋಯಿತು, ಹತ್ತಲು ಮರೆತು ನಿಂತಿದ್ದೆ.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಅಪ್ಪ ಎದ್ದು ಆರ್ಗನ್ ಮುಂದೆ ಕೂತ. ನಾನು ಅವನ ಎಡಗಡೆಗೆ ಸ್ಟೂಲು ಎಳೆದು ಕೂತೆ. ಬಿಳಿ ಒಂದು ಬಿಟ್ಟು ಕರಿ ಎರಡರಿಂದ ಮೂರು ಸ್ವರ ಒಟ್ಟಿಗೆ ಒತ್ತಿ, "ತುಳಿ" ಎಂದೆ. ಅಪ್ಪ ತುಳಿದ. ಪೆಟ್ಟಿಗೆ ಊಂಯ್ ಎಂದಿತು. ಅಪ್ಪ ನನ್ನ ಮುಖ ನೋಡಿದ. ಆಗ ಎಲ್ಲ ಹೇಳಿದೆ: ಫೋನಿನ ಮುಳ್ಳು, ಹುಬ್ಬಳ್ಳಿಯವರ ಮಾತು, ಹನ್ನೆರಡು ಮನೆಯ ಪಾಲು, ವಾದಕರ ಪ್ರಶ್ನೆ, ನನ್ನ ಉತ್ತರ. ಅಪ್ಪ ಕಾಲು ನಿಲ್ಲಿಸಿ ಕೇಳಿದ.

"ನಿನಗ ಕೆರಿಯೋ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತಪ್ಪಾ."

"ನಾ ತಿಳೀದ ಮಾಡಿದೆ. ತಿಳೀದ ಮಾಡಿದ್ದನ್ನ ತಿದ್ದಬಹುದಿತ್ತು. ನೀ ಏನ್ ಮಾಡಿದಿ? ತಪ್ಪು ನಮ್ಮದು, ಅದನ್ನ ಒಯ್ದು ಪೆಟಿಗಿ ಮ್ಯಾಲ ಹಾಕಿದಿ."

"ಅಷ್ಟು ಮಂದಿಯೊಳಗ ನಿನ್ನ ಹೆಸರು ಹೋಗ್ತಿತ್ತಪ್ಪಾ" ಎಂದೆ. ಅತ್ತೆ. ಎಷ್ಟೋ ವರ್ಷದ ಮೇಲೆ ಅವನ ಮುಂದೆ ಅತ್ತೆ.

"ನನ್ನ ಹೆಸರು ಉಳಸು ಅಂತ ನಾ ಕೇಳಿದ್ನೇನು?" ಎಂದ ಅಪ್ಪ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ಪೆಟಿಗಿ ಮಾಡೋರು ನಾವು. ಪೆಟಿಗಿ ಮ್ಯಾಲ ಸುಳ್ಳು ಹೇಳಿದ ಮ್ಯಾಲ ನನ್ನ ಹೆಸರು ಎಲ್ಲಿ ಉಳೀತು?"

ಮರುದಿನ ಅವನೇ ಜಮಖಂಡಿಗೆ ಹೊರಟ. ಟೀಚರ್ ಮನೆಯ ಹೊಸ್ತಿಲಲ್ಲಿ ನಿಂತು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ಟೀಚರಮ್ಮಾರ, ಆ ಪೆಟಿಗಿಗೆ ಮುಪ್ಪು ಬಂದಿಲ್ಲರಿ. ಸ್ವರಾ ಕೆಡಿಸಿದಾಂವ ನಾ" ಎಂದ. ಹಿಂದಿನಿಂದ ನಾನು, "ಸುಳ್ಳು ಹೇಳಿದಾಕಿ ನಾನ್ರಿ" ಎಂದೆ. ಟೀಚರ್ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಪೂರ್ತಿ ಕೇಳಿದರು. ಒಳಗೆ ಹೋಗಿ ಚಹಾ ಮಾಡಿ ತಂದರು. ಅದು ಬಹಳ ಹೊತ್ತು ಹಿಡಿಯಿತು. ಸಾಲೆಯಲ್ಲಿ ತಪ್ಪು ಮಾಡಿದರೆ ಅವರು ಹೊಡೆಯುತ್ತಿರಲಿಲ್ಲ, ಹತ್ತಿರ ಕರೆದು ಮೆಲ್ಲಗೆ ಮಾತಾಡುತ್ತಿದ್ದರು. ಅಂದೂ ಹಾಗೇ ಮಾತಾಡಿದರು.

"ಅವತ್ತು ಒಂದು ಮಾತು ಹೇಳಿದ್ರ ಸಾಕಿತ್ತಲ್ಲ ಬೇ. ನಮಗೇನು ಬಿಳಿ ಒಂದು ಬಿಟ್ರ ಬ್ಯಾರೆ ಬರ್ತಿತ್ತೇನು? ನಮ್ಮ ಹಾಡಿಗೆ ಅದು ಬರೋಬ್ಬರಿ ಇತ್ತು. ತಿದ್ದೋದೂ ಬೇಕಿದ್ದಿಲ್ಲ."

ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತಿದ್ದಿ ವಾಪಸು ತರುತ್ತೇವೆ ಎಂದೆ. ಟೀಚರ್ ತಲೆಯಾಡಿಸಿದರು. ಆ ಜಾಗದಲ್ಲಿ ಈಗ ಎರಡು ಸ್ಪೀಕರ್ ನಿಂತಿವೆ, ಕೊಟ್ಟವರ ಮನಸ್ಸು ನೋಯಿಸಲು ಆಗದು ಎಂದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬನಹಟ್ಟಿಗೆ ಬಂದ ಮೇಲೆ ಅಪ್ಪ, "ಉಳಿ ತಗೊಂಬಾ. ಫೋನೂ ತಗೊಂಬಾ" ಎಂದ.

"ಯಾರ ಸಲುವಾಗಿ ಅಪ್ಪಾ? ಅವ್ರಂತೂ ಒಯ್ಯಂಗಿಲ್ಲ."

"ಒಯ್ಯಲಿ ಬಿಡಲಿ. ಅದು ಹ್ಯಾಂಗ ಹುಟ್ಟಿತ್ತೋ ಹಂಗ ಇರಬೇಕು."

ಈಗ ಅದೇ ಕೆಲಸ ನಡೆದಿದೆ. ಕರೆಂಟ್ ಹೋದಾಗಷ್ಟೇ ಆಗುವ ಕೆಲಸ, ಹಾಗಾಗಿ ದಿನಕ್ಕೆ ಎರಡು ಮೂರು ಸ್ವರ. ಬುಡ ಕೆರೆದ ನಾಲಿಗೆಗಳನ್ನು ಮತ್ತೆ ತುದಿಯಲ್ಲಿ ಕೆರೆದು ಏರಿಸಬೇಕು. ಹಿತ್ತಾಳೆ ತೆಳ್ಳಗಾಗಿದೆ, ಕೈ ನಡುಗಿದರೆ ಮುರಿಯುತ್ತದೆ. ಅಪ್ಪ ಈಗ ಕಿವಿ ಹಚ್ಚುವುದಿಲ್ಲ. ಮುಂದೆ ಕೂತು ಬರೀ ತುಳಿಯುತ್ತಾನೆ, ಸ್ವರ ಸರಿಯಿದೆಯೇ ಎಂದು ಫೋನನ್ನು ಕೇಳುವ ಕೆಲಸ ನನ್ನದು. ನಿನ್ನೆ ಗಾಂಧಾರ ಹಿಡಿದೆವು. ಒಂದೊಂದು ಎಳೆ ಕೆರೆದಂತೆ ಮುಳ್ಳು ನಡುವಿಗೆ ಬಂತು, ಅಪ್ಪನ ಮುಖ ಹುಣಸೆಹಣ್ಣು ತಿಂದಂತೆ ಕಿವುಚಿಕೊಂಡಿತು. ಕಾಲು ಮಾತ್ರ ನಿಲ್ಲಲಿಲ್ಲ.

"ಬರೋಬ್ಬರಿ ಆತೇನು?" ಎಂದು ಕೇಳಿದ.

"ಆತಪ್ಪಾ."

"ನನಗ ಕೆಟ್ಟ ಕೇಳಾಕತ್ತೈತಿ" ಎಂದ ಅಪ್ಪ. "ಮುಂದಿಂದು ಹಿಡಿ."